ಒಡಗಿವಿ

ನಮ್ಮೂರಿನಲ್ಲಿ ಹಾಡುವವರಿಗೆ ತಮ್ಮ ಹಾಡು ಕೇಳಿಸುವುದಿಲ್ಲ. ಮಾತು ಕೇಳಿಸುತ್ತದೆ, ಕೆಮ್ಮಿದ್ದು ಕೇಳಿಸುತ್ತದೆ, ತಂಬೂರಿಯ ನಾದ, ಪಕ್ಕದ ಮನೆಯ ಜಗಳ ಎಲ್ಲವೂ ಕೇಳಿಸುತ್ತದೆ. ದನಿ ಶ್ರುತಿಗೆ ಕೂತಿತೋ, ಅಲ್ಲಿಂದ ಮುಂದೆ ಅದು ಉಳಿದವರ ಪಾಲು. ಅಮ್ಮ ನನ್ನನ್ನು ತೊಟ್ಟಿಲಿಗೆ ಹಾಕಿ ತೂಗುವಾಗ ಪಕ್ಕದ ಮನೆಯವರನ್ನು ಕರೆದು, "ಒಂಚೂರು ಕೇಳಿ ಹೇಳ್ರೀ, ಮಗು ಹೆದರ್ಕೊಳ್ಳೋ ಹಾಗಿದೆಯಾ ನನ್ನ ಜೋಗುಳ?" ಎಂದು ವಿಚಾರಿಸುತ್ತಿದ್ದಳಂತೆ. ಭಜನೆಗೆ ಕೂತರೆ ಅರ್ಧ ಜನ ಹಾಡುತ್ತಾರೆ, ಅರ್ಧ ಜನ ಕೇಳುತ್ತಾರೆ, ಆಮೇಲೆ ಅದಲುಬದಲು. ಒಮ್ಮೆ ಹೊರಗಿನಿಂದ ಬಂದ ಯಾರೋ ಟೇಪ್ ರೆಕಾರ್ಡರ್ ತಂದು ಒಬ್ಬಳಿಂದ ಹಾಡಿಸಿ, ಅದನ್ನು ಅವಳಿಗೇ ಹಾಕಿ ತೋರಿಸಿದರು. ಅವಳಿಗೆ ಅದರಲ್ಲಿ ತಂಬೂರಿ ಮಾತ್ರ ಕೇಳಿಸಿತು. ಸುತ್ತ ನಿಂತವರೆಲ್ಲ ತಲೆದೂಗುವುದನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ಎದ್ದುಹೋದಳು. ಆಮೇಲೆ ಊರಿನಲ್ಲಿ ಯಾರೂ ಆ ಪೆಟ್ಟಿಗೆಯ ಆಸೆಗೆ ಬೀಳಲಿಲ್ಲ.

ಹಾಗಾಗಿ ನಮ್ಮಲ್ಲಿ ಹಾಡು ಕಲಿಯಲು ಹೊರಟವರ ಜೊತೆ ಇನ್ನೊಬ್ಬರೂ ಹೊರಡುತ್ತಾರೆ. ಅವರನ್ನು ಒಡಗಿವಿ ಎನ್ನುತ್ತೇವೆ. ಹಾಡುವವರ ಎದುರು ಕೂತು ಕೇಳಿ, ಮುಗಿದ ಮೇಲೆ ಹೇಗಿತ್ತೆಂದು ಹೇಳುವುದು ಅವರ ಕೆಲಸ. ಅಕ್ಕತಂಗಿಯರೋ ಗೆಳತಿಯರೋ ಮನೆಯಲ್ಲಿ ಸುಮ್ಮನೆ ಕೂತ ಸೋದರಮಾವನೋ ಯಾರಾದರೂ ಆದೀತು. ನನಗೆ ಒಡಹುಟ್ಟಿದವರಿರಲಿಲ್ಲ. ಅಮ್ಮ ಬಳೆ ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ. ಅಂಗಡಿಯ ಎದುರಿಗೇ ಎಣ್ಣೆ ಮಿಲ್ಲು. ಅಲ್ಲಿ ಕೆಂಪರಾಜು ಅವರಪ್ಪನ ಜೊತೆ ಕಡಲೆಕಾಯಿ ಎಣ್ಣೆ ತೆಗೆಯುತ್ತಿದ್ದ. ಶಾಲೆಯಲ್ಲಿ ನನಗಿಂತ ಒಂದು ತರಗತಿ ಮುಂದಿದ್ದವನು. ಬಿಡುವಾದಾಗ ಅಂಗಡಿಗೆ ಬಂದು ಬಳೆಗಳನ್ನು ಒಂದಕ್ಕೊಂದು ತಾಗಿಸಿ, ಕಣ್ಣಿಗೆ ಕಾಣದ ಬಿರುಕು ಇರುವುದನ್ನು ಬೇರೆ ಎತ್ತಿಡುತ್ತಿದ್ದ. ಅವನ ಕಿವಿ ಅಂಥದ್ದು. ನಾನು ಚನ್ನಾಜಮ್ಮನವರ ಹತ್ತಿರ ಪಾಠಕ್ಕೆ ಸೇರುತ್ತೇನೆಂದು ಗೊತ್ತಾದ ದಿನ ಬಾಗಿಲಲ್ಲಿ ನಿಂತು, "ಒಡಗಿವಿಗೆ ಯಾರನ್ನ ಮಾಡ್ಕೊಂಡಿದ್ದೀಯ ಕಮಲು?" ಎಂದ. ಯಾರೂ ಇಲ್ಲ ಎಂದೆ. "ನಾನು ಬರ್ಲಾ?" ಎಂದ. ಅಮ್ಮ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಬರ್ಲಿ ಬಿಡು. ಎಣ್ಣೆ ಕೈ ತೊಳ್ಕೊಂಡು ಬರ್ಬೇಕು ಅಷ್ಟೆ," ಎಂದಳು.

ಚನ್ನಾಜಮ್ಮನವರ ಹಾಡನ್ನು ನಾನು ಚಿಕ್ಕವಳಿದ್ದಾಗ ಬೆಲ್ಲದ ಮಂಡಿಯಲ್ಲಿ ಕೇಳಿದ್ದೆ. ವ್ಯಾಪಾರ ಮುಗಿದ ಮಧ್ಯಾಹ್ನಗಳಲ್ಲಿ ಅಲ್ಲಿ ಕಚೇರಿ ನಡೆಯುತ್ತಿತ್ತು. ಜನ ಬೆಲ್ಲದ ಮೂಟೆಗಳ ಮೇಲೆ, ಕೆಳಗೆ ಹಾಸಿದ ಗೋಣಿಯ ಮೇಲೆ ಕೂರುತ್ತಿದ್ದರು. ಅವರ ಅಕ್ಕ ಎದುರು ಕೂತು ಕೈಸನ್ನೆ ಮಾಡುತ್ತಿದ್ದರು. ಅಂಗೈ ಮೇಲೆ ಮಾಡಿದರೆ ಸರಿಯಿದೆ ಎಂದು, ಕೆಳಗೆ ಮಾಡಿದರೆ ಶ್ರುತಿ ಇಳಿಯುತ್ತಿದೆ ಎಂದು. ಆ ಅಕ್ಕ ತೀರಿಕೊಂಡ ಮೇಲೆ ಚನ್ನಾಜಮ್ಮ ಬಾಯಿ ಬಿಟ್ಟು ಒಂದು ಸ್ವರವನ್ನೂ ಹಾಡಿರಲಿಲ್ಲ. ಪಾಠವನ್ನೂ ಮಾತಿನಲ್ಲೇ ಮಾಡುತ್ತಿದ್ದರು. ತಪ್ಪಿದರೆ ತೊಡೆಯ ಮೇಲೆ ಬೆರಳು ಕುಟ್ಟುತ್ತಿದ್ದರು.

ಮೊದಲ ದಿನಗಳಲ್ಲಿ ಅವರು ನನ್ನಿಂದ ಹಾಡಿಸಲೇ ಇಲ್ಲ. ಚಾಪೆಯ ಮೇಲೆ ಅಂಗಾತ ಮಲಗಿಸಿ, ಅಕ್ಕಿ ತುಂಬಿದ ಸೇರನ್ನು ಹೊಟ್ಟೆಯ ಮೇಲಿಟ್ಟು, "ಇದು ಮೇಲೆದ್ದು ಕೆಳಗಿಳೀಬೇಕು, ಎದೆ ಅಲ್ಲಾಡಬಾರದು," ಎಂದರು. ಅಕ್ಕಿ ಚೆಲ್ಲದ ಹಾಗೆ ಉಸಿರಾಡುವುದು ಬಂದ ಮೇಲೆ ಮಂದ್ರದ ಸಾಧನೆ ಶುರುವಾಯಿತು. ಬೆಳಗ್ಗೆ ಎದ್ದು ಏನೂ ಕುಡಿಯುವ ಮೊದಲು ಕೆಳಗಿನ ಸ್ವರಗಳನ್ನು ಹಿಡಿದು ನಿಲ್ಲಬೇಕು. ದವಡೆ ಬಿಗಿಯಬಾರದು, ನಾಲಗೆ ಹಿಂದಕ್ಕೆ ಸರಿಯಬಾರದು, ಭುಜ ಏಳಬಾರದು. ಏನೂ ಕೇಳಿಸದ ನನಗೆ ಇದೆಲ್ಲ ಕತ್ತಲಲ್ಲಿ ಪಾತ್ರೆ ತೊಳೆದ ಹಾಗಿತ್ತು. ಕೈಗೆ ಸಿಕ್ಕಿದ್ದಷ್ಟೇ ಗೊತ್ತು. ಎದೆಗೂಡಿನಲ್ಲಿ ಒಂದು ನಡುಕ, ಹಲ್ಲಿನ ಹಿಂದೆ ಒಂದು ಕಚಗುಳಿ, ಕೆನ್ನೆಯ ಮೂಳೆಯಲ್ಲಿ ಏನೋ ಹರಿದಾಡಿದ ಹಾಗೆ. ಅದರ ಹೊರಗೆ ಏನು ಹೊರಡುತ್ತಿದೆಯೋ ಅದು ಕೆಂಪರಾಜುವಿನ ಬಾಯಿಂದ ಬರಬೇಕಿತ್ತು.

"ನೀವೇ ಕೇಳಿಸ್ಕೊಳ್ತೀರಲ್ಲ, ನೀವೇ ಹೇಳಿದ್ರೆ ಸಾಲದಾ?" ಎಂದು ಒಮ್ಮೆ ಚನ್ನಾಜಮ್ಮನವರನ್ನು ಕೇಳಿದ್ದೆ. "ನನ್ನ ಕಿವಿ ತಪ್ಪು ಹುಡುಕ್ತಾ ಕೂತಿರುತ್ತೆ ಕಣೆ. ಅದಕ್ಕೆ ಹಾಡು ಕೇಳ್ಸಲ್ಲ," ಎಂದರು.

ಕೆಂಪರಾಜುವಿಗೆ ಸಂಗೀತದ ಹೆಸರುಗಳು ಹೆಚ್ಚು ಗೊತ್ತಿರಲಿಲ್ಲ. ಪಾಠ ಮುಗಿಸಿ ಮನೆಗೆ ನಡೆಯುತ್ತ ತನಗೆ ತೋಚಿದ ಹಾಗೆ ಹೇಳುತ್ತಿದ್ದ. "ಆ ಮೇಲಿನದು ಹಿಡಿಯುವಾಗ ಒದ್ದೆ ಬಟ್ಟೆ ಒದರಿದಂಗಾಯ್ತು." "ಇವತ್ತು ಮೊದಲು ಹಿಂಡಿ ತುಂಬಿಕೊಂಡಿತ್ತು, ಆಮೇಲೆ ತಿಳಿಯಾಯ್ತು." ಒಂದು ವರ್ಷ ಕಳೆದ ಮೇಲೆ ಒಂದು ಸಂಜೆ, "ಇವತ್ತಂತೂ ಥೇಟ್ ಅಮ್ಮಾವ್ರು ಆಗ ಮಂಡೀಲಿ ಹಾಡ್ತಿದ್ದಂಗೇ ಇತ್ತು," ಎಂದ. ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಅಷ್ಟು ಹಿಗ್ಗು. ಚಿಕ್ಕಂದಿನಿಂದ ಬೇಕಾಗಿದ್ದದ್ದೇ ಅದು. ನಮ್ಮೂರಿನಲ್ಲಿ ಹಾಡುವವರೆಲ್ಲರೂ ಹಾಡುವುದು ಹಾಗೆಯೇ. ತಮ್ಮದು ಕೇಳಿಸದವರು ಕೇಳಿಸಿದ್ದನ್ನೇ ತಾನೆ ಹಿಡಿದುಕೊಳ್ಳಬೇಕು? ಚನ್ನಾಜಮ್ಮನವರ ಶಿಷ್ಯರೆಲ್ಲ ಅವರ ಹಾಗೆಯೇ ಸ್ವಲ್ಪ ಮೂಗಿನಲ್ಲಿ ಎತ್ತಿಕೊಂಡು, ಅವರ ಹಾಗೆಯೇ ಕೊನೆಯ ಸ್ವರಕ್ಕೆ ಒಂದು ಒತ್ತು ಕೊಟ್ಟು ನಿಲ್ಲಿಸುತ್ತಿದ್ದರು.

ಆದರೆ ಅವನ ಮುಖದಲ್ಲಿ ಹಿಗ್ಗಿರಲಿಲ್ಲ. "ಯಾಕೆ, ಚೆನ್ನಾಗಿರ್ಲಿಲ್ವಾ?" ಎಂದೆ. "ಚೆನ್ನಾಗಿತ್ತು. ಆದ್ರೆ ಅದು ಅವರ್ದು. ನಾನು ಅವರ ಒಡಗಿವಿ ಅಲ್ವಲ್ಲ," ಎಂದ. ಮತ್ತೆ ನಡೆಯುತ್ತ, "ನಡುವೆ ಒಂದ್ಸಲ ನಿನ್ದು ಕೇಳ್ತು ಅನ್ಸುತ್ತೆ. ಸಾವೇರಿ ಹಾಡುವಾಗ, ರಿಷಭಕ್ಕೆ ಇಳಿದು ಅದನ್ನ ಬಿಟ್ಟು ಹೋಗೋಕೆ ಮನಸ್ಸಿಲ್ದೆ ನಿಂತ್ಯಲ್ಲ, ಆವಾಗ," ಎಂದ. ಹೇಗಿತ್ತು ಎಂದು ಅಂಗಡಿಯ ಬಾಗಿಲು ಬರುವವರೆಗೂ ಪೀಡಿಸಿದೆ. ಎಂದೂ ಮಾತಿಗೆ ತಡವರಿಸದವನು ಅವತ್ತು "ಮತ್ತೆ ಬಂದ್ರೆ ಹೇಳ್ತೀನಿ," ಎಂದು ಮಿಲ್ಲಿಗೆ ಹೋದ.

ಅಲ್ಲಿಂದ ನಾವಿಬ್ಬರೂ ಅದರ ಬೆನ್ನು ಹತ್ತಿದೆವು. ಅದು ಬಂದಾಗ ಅವನು ಅಂಗೈ ಮೇಲೆ ಮಾಡುತ್ತಿದ್ದ. ಆ ಹೊತ್ತಿಗೆ ನನ್ನ ಗಲ್ಲ ಎಲ್ಲಿತ್ತು, ಉಸಿರು ಎಷ್ಟಿತ್ತು, ನಡುಕ ಯಾವ ಮೂಳೆಯಲ್ಲಿತ್ತು ಎಂದು ನಾನು ಗುರುತಿಟ್ಟುಕೊಳ್ಳಬೇಕು. ಗಲ್ಲ ಎತ್ತಿದರೆ ಹೋಗಿಬಿಡುತ್ತಿತ್ತು. ಉಸಿರು ತುಂಬಿಕೊಂಡು ಹಾಡಿದರೆ ಬರುತ್ತಲೇ ಇರಲಿಲ್ಲ. ಮುಗಿಯುತ್ತ ಬಂದ ಉಸಿರಿನಲ್ಲಿ, ಇನ್ನು ಸಾಲದು ಎನ್ನುವಾಗ ಬರುತ್ತಿತ್ತು. ಚನ್ನಾಜಮ್ಮ ತೊಡೆ ಕುಟ್ಟುತ್ತಿದ್ದರು. "ಅಲ್ಲಿ ಯಾಕೆ ನಿಂತ್ಕೊಳ್ತೀಯ? ನಾನು ಹೇಳ್ಕೊಟ್ಟಿದ್ದು ಹಾಗಾ?" ಎಂದು ಗದರುತ್ತಿದ್ದರು. ಗದರಿದರೂ ಹಾಗೆ ನಿಲ್ಲುವುದನ್ನು ಬಿಡಿಸಲಿಲ್ಲ.

ಅಮ್ಮನಿಗೆ ನನ್ನ ಮದುವೆಯ ಚಿಂತೆ ಹತ್ತಿತು. ಬಂದ ಸಂಬಂಧಗಳಿಗೆಲ್ಲ ನಾನು ಈಗಲೇ ಬೇಡ ಎನ್ನುತ್ತಿದ್ದೆ. "ಎದುರುಗಡೆಯೋನು ಏನಾದ್ರೂ ಬಾಯಿ ಬಿಟ್ನಾ?" ಎಂದು ಅಮ್ಮ ಒಂದು ದಿನ ನೇರವಾಗಿ ಕೇಳಿದಳು. ಕೆಂಪರಾಜು ಬಾಯಿ ಬಿಟ್ಟು ನನ್ನ ರಿಷಭದ ಬಗ್ಗೆ ದಿನವೂ ಆಡುತ್ತಿದ್ದ, ನನ್ನ ಬಗ್ಗೆ ಏನೂ ಆಡಿರಲಿಲ್ಲ. ಸತ್ಯ ಹೇಳುವುದಾದರೆ ನನಗೆ ನನ್ನ ಸ್ವರದ ಮೇಲೇ ಹೊಟ್ಟೆಕಿಚ್ಚು. ಅದು ಅವನ ಹತ್ತಿರ ಹೋಗಿ ಬರುತ್ತಿತ್ತು, ಅವನ ಕಣ್ಣು ತುಂಬಿಸುತ್ತಿತ್ತು. ಅದನ್ನು ಕಳಿಸಿದ ನಾನು ಈಚೆ ದಡದಲ್ಲಿ ಕೂತಿರುತ್ತಿದ್ದೆ. ಒಮ್ಮೆ, ಒಂದೇ ಒಂದು ಸಲ ಅವನ ಕಿವಿಯೊಳಗೆ ಹೋಗಿ ಕೂತು ಕೇಳಿಬರಬೇಕು ಅನ್ನಿಸುತ್ತಿತ್ತು.

ಅವರಪ್ಪ ಹೋದ ಮೇಲೆ ಮಿಲ್ಲು ಅವನೊಬ್ಬನ ತಲೆಗೆ ಬಂತು. ದೊಡ್ಡ ಇಂಜಿನ್ನು ಹಾಕಿಸಿದ. ಅದು ಓಡುವಾಗ ನಮ್ಮ ಅಂಗಡಿಯ ಬಳೆಗಳೆಲ್ಲ ಗೂಟದಲ್ಲಿ ನಡುಗುತ್ತಿದ್ದವು. ಪಾಠಕ್ಕೆ ಬರುವುದನ್ನು ಮಾತ್ರ ಬಿಡಲಿಲ್ಲ. ಬಂದು ಮೊದಲಿಗಿಂತ ಹತ್ತಿರ ಕೂರುತ್ತಿದ್ದ. ನನ್ನ ಮುಖದಿಂದ ಕಣ್ಣು ತೆಗೆಯುತ್ತಿರಲಿಲ್ಲ. ಮೊದಲು ಎರಡು ಮಾತಿನಲ್ಲಿ ಮುಗಿಸುತ್ತಿದ್ದವನು ಈಗ ದಾರಿಯುದ್ದಕ್ಕೂ ಹೇಳುತ್ತಿದ್ದ. ಬಾವಿಯ ಮೆಟ್ಟಿಲು ಇಳಿಯುತ್ತ ಇಳಿಯುತ್ತ ತಣ್ಣಗಾಗುವ ಹಾಗಿತ್ತು, ಕೊನೆಯ ಮೆಟ್ಟಿಲ ಮೇಲೆ ನೀನು ಕಾಲು ಇಟ್ಟೂ ಇಡದ ಹಾಗೆ ನಿಂತೆ, ಅಲ್ಲಿ ನೀರು ಮುಟ್ಟಿಯೂ ಮುಟ್ಟದ ಹಾಗಿತ್ತು, ಹೀಗೆಲ್ಲ. ಮಾರನೆಯ ದಿನ ಆ ಮೆಟ್ಟಿಲುಗಳನ್ನು ನೆನೆದುಕೊಂಡು ಹಾಡುತ್ತಿದ್ದೆ. ಅವನು ಹೇಳಿದಷ್ಟು ಆಳ ನನ್ನೊಳಗೆ ಇದೆಯೇ ಎಂದು ಹುಡುಕುತ್ತ ಇಳಿಯುತ್ತಿದ್ದೆ. ಹೊಸ ಜಾಗಗಳು ಸಿಗುತ್ತಿದ್ದವು. ನಡುಕ ಎದೆಗೂಡು ದಾಟಿ ಬೆನ್ನಿಗೆ ಹೋಗುವುದು ಗೊತ್ತಾಗುತ್ತಿತ್ತು. ಚನ್ನಾಜಮ್ಮ ತೊಡೆ ಕುಟ್ಟುವುದನ್ನು ಯಾವಾಗ ನಿಲ್ಲಿಸಿದರೋ ನಾನು ಗಮನಿಸಲಿಲ್ಲ.

ಕೊನೆಗೆ ಅವರೇ, "ಮಂಡಿಯಲ್ಲಿ ಹಾಡು ಈ ಸಲ," ಎಂದರು. ಆ ವಾರವೇ ನನಗೆ ನೆಗಡಿಯಾಗಿ ಗಂಟಲು ಕಟ್ಟಿತು. ಆದರೂ ಪಾಠ ತಪ್ಪಿಸಬಾರದೆಂದು ಹೋದೆ. ಕೇಳಿಸದಿದ್ದರೂ ಗೊತ್ತಾಗುತ್ತದೆ. ದನಿ ಎರಡೆರಡು ಕಡೆ ಒಡೆಯಿತು, ಗಂಟಲಲ್ಲಿ ಮರಳು ಉಜ್ಜಿದ ಹಾಗಾಯಿತು, ಮೇಲಿನ ಸ್ವರ ಬರಲೇ ಇಲ್ಲ. ಚನ್ನಾಜಮ್ಮ ಎದ್ದು ಬಿಸಿನೀರು ತರಲು ಒಳಗೆ ಹೋದರು. ಕೆಂಪರಾಜು ಮಾತ್ರ ಅಂಗೈ ಮೇಲೆ ಮಾಡಿ ಕೂತಿದ್ದ. ದಾರಿಯಲ್ಲಿ, "ಇವತ್ತು ಜೇನು ಕಣೆ. ಎಳೆ ಎಲ್ಲೂ ಕಡೀಲಿಲ್ಲ," ಎಂದ. ನಾನು ನಡೆಯುತ್ತಲೇ ಅವನ ಕಿವಿಯ ಕಡೆ ನೋಡಿದೆ.

ಗಂಟಲು ಸರಿಹೋದ ಮೇಲೆ ಒಂದು ದಿನ ಚನ್ನಾಜಮ್ಮ ಹಿತ್ತಲಲ್ಲಿ ಯಾರೊಡನೆಯೋ ಮಾತಾಡುತ್ತಿದ್ದರು. ನಾವಿಬ್ಬರೇ ಇದ್ದೆವು. ನಾನು ತಂಬೂರಿ ಮೀಟುತ್ತ ಬಾಯಿ ತೆರೆದೆ. ಉಸಿರು ಹಿಡಿದುಕೊಂಡೇ ತುಟಿ ಆಡಿಸಿದೆ, ಹುಬ್ಬು ಎತ್ತಿದೆ, ಕಣ್ಣು ಮುಚ್ಚಿದೆ, ತಲೆ ತೂಗಿದೆ. ಗಂಟಲಿಂದ ಒಂದು ಎಳೆ ದನಿಯನ್ನೂ ಹೊರಗೆ ಬಿಡಲಿಲ್ಲ. ಕಣ್ಣು ತೆರೆದಾಗ ಅವನ ಅಂಗೈ ಮೇಲಿತ್ತು. ಕಣ್ಣಲ್ಲಿ ನೀರಿತ್ತು. "ಬಂತು," ಎಂದ. "ಇವತ್ತು ರಿಷಭದ ಮೇಲೆ ಎಷ್ಟು ಹೊತ್ತು ನಿಂತೆ ಕಮಲು. ಯಾರೋ ಬಾಗಿಲ ಹತ್ರ ಬಂದು ಚಪ್ಪಲಿ ಬಿಡ್ಲೋ ಬೇಡ್ವೋ ಅಂತ ನಿಂತಂಗೆ."

ನಾನು ತಂಬೂರಿ ಕೆಳಗಿಟ್ಟೆ. ಅವನ ಎದುರು ಕೂತು, ಬಿಡಿಸಿ ಬಿಡಿಸಿ, "ನಾನು ಹಾಡ್ಲೇ ಇಲ್ಲ," ಎಂದೆ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಮೊದಲು ಅರ್ಥವಾಗದ ಹಾಗೆ ನಕ್ಕ. ಆಮೇಲೆ ಅಂಗೈಯನ್ನು ಮೆಲ್ಲಗೆ ತೊಡೆಯ ಮೇಲೆ ಮಗುಚಿಕೊಂಡ.

"ಎಷ್ಟು ದಿನದಿಂದ?"

"ಇಂಜಿನ್ನು ಬಂದ್ಮೇಲೆ ಮಬ್ಬಾಗ್ತಾ ಬಂತು. ಹೋದ ವರ್ಷದಿಂದ ಏನೂ ಇಲ್ಲ." ಅವನ ದನಿ ಜೋರಾಗಿತ್ತು. ಇತ್ತೀಚೆಗೆ ಯಾವಾಗಲೂ ಜೋರಾಗಿಯೇ ಇತ್ತು. ನಾನು ಅದನ್ನು ಮಿಲ್ಲಿನ ಅಭ್ಯಾಸ ಎಂದುಕೊಂಡಿದ್ದೆ.

"ಮತ್ತೆ ಅದೆಲ್ಲ ಏನು ಹೇಳ್ತಿದ್ದೆ ನೀನು? ಬಾವಿ, ಮೆಟ್ಟಿಲು?"

"ನಿನ್ನ ಮುಖ ನೋಡ್ತಿದ್ದೆ. ಏನು ಕೇಳ್ಬೇಕು ಅಂತ ಆಸೆ ಆಗ್ತಿತ್ತೋ ಅದನ್ನ ಹೇಳ್ತಿದ್ದೆ."

"ನಂಗೆ ಹೇಳ್ಬೇಕಿತ್ತು."

"ಹೇಳಿದ್ರೆ ಬೇರೆ ಯಾರನ್ನಾದ್ರೂ ಕೂರಿಸ್ಕೊಳ್ತಿದ್ದೆ," ಎಂದು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ನನಗೆ ಬಂದ ಸಿಟ್ಟು ಹೇಳತೀರದು. ನನ್ನ ದನಿಯನ್ನು ಯಾರೋ ದಾರಿಯಲ್ಲಿ ಬೀಳಿಸಿಕೊಂಡು ಬಂದು, ಇಷ್ಟು ದಿನ ಬೇರೇನನ್ನೋ ಕೈಗೆ ಕೊಡುತ್ತಿದ್ದ ಹಾಗೆ. ಚನ್ನಾಜಮ್ಮ ಒಳಗೆ ಬಂದಾಗ ನಾನು ಗೋಡೆಗೆ ಒರಗಿ ಅಳುತ್ತಿದ್ದೆ. ಅವರು ಏನಾಯಿತೆಂದು ಕೇಳಲಿಲ್ಲ. ಅವನ ಕಿವಿ ಹೋದದ್ದು ತಮಗೆ ಮೊದಲೇ ಗೊತ್ತಿತ್ತು ಎಂದರು. ಮಬ್ಬಾದ ಕಿವಿಯವರು ಮುಂದೆ ಬಾಗಿ ಕೂರುವುದನ್ನು ಅವರು ತಮ್ಮ ಅಕ್ಕನಲ್ಲೇ ನೋಡಿದ್ದರು.

"ಗೊತ್ತಿದ್ದೂ ನೀವು ಸುಮ್ನೆ ಇದ್ರಾ ಅಮ್ಮಾ? ಹಾಗಾದ್ರೆ ಈ ಒಂದು ವರ್ಷ ನಾನು ಹಾಡಿದ್ದೇನು? ಹೇಗೆ ಹಾಡ್ತಿದ್ದೀನಿ ನಾನು?"

ಅವರು ನನ್ನ ಪಕ್ಕದಲ್ಲಿ ಕೂತರು. "ಮೊದಲು ನನ್ನ ಹಾಗೆ ಹಾಡ್ತಿದ್ದೆ. ಈಗ ಯಾರ ಹಾಗೂ ಇಲ್ಲ," ಎಂದರು.

"ಚೆನ್ನಾಗಿದೆಯಾ?"

"ಅದು ನಂಗೂ ಗೊತ್ತಾಗಲ್ಲ ಕಣೆ. ಕೆಲವು ದಿನ ಒರಟಾಗಿರುತ್ತೆ. ಕೆಲವು ದಿನ ತಡ್ಕೊಳ್ಳೋಕಾಗಲ್ಲ. ತಿದ್ದೋಣ ಅಂತ ಕೈ ಎತ್ತಿದ್ರೆ ಎಲ್ಲಿ ಕುಟ್ಟಬೇಕೋ ತಿಳಿಯಲ್ಲ." ಕೆಳಗಿದ್ದ ತಂಬೂರಿಯನ್ನು ಹತ್ತಿರ ಎಳೆದುಕೊಂಡು, "ನನ್ನ ಅಕ್ಕ ಹೋದ್ಮೇಲೆ ನಾನು ಬಾಯಿ ಮುಚ್ಕೊಂಡೆ. ಯಾರು ಹೇಳ್ತಾರೆ ಹೇಗಿತ್ತು ಅಂತ, ಅದೇ ಭಯ. ಆ ಹುಡುಗ ಏನೂ ಕೇಳಿಸ್ದೆ ಇದ್ರೂ ನಿನ್ನ ಹಾಡಿಸ್ತಿದ್ದಾನೆ ಅಂತ ಕಂಡಾಗ ನಡುವೆ ಬಾಯಿ ಹಾಕೋಕೆ ನಂಗೆ ಮನಸ್ಸಾಗ್ಲಿಲ್ಲ," ಎಂದರು. ಆಮೇಲೆ ಮೊಣಕಾಲು ಹಿಡಿದು ಎದ್ದು, "ಮಂಡಿಗೆ ನಾನೇ ಕೂರ್ತೀನಿ ನಿನ್ನ ಒಡಗಿವಿಯಾಗಿ. ಒಡಗಿವಿ ಇಲ್ದೆ ಹಾಡೋಕೆ ಬಿಡಲ್ಲ ಮಂಡಿಯವ್ರು," ಎಂದರು.

ಹಲವು ದಿನ ಕೆಂಪರಾಜು ಪಾಠದ ಕಡೆಗೆ ಸುಳಿಯಲಿಲ್ಲ. ಅಂಗಡಿಯ ಕಡೆಗೂ ನೋಡಲಿಲ್ಲ. ನಾನು ಒಬ್ಬಳೇ ಹೋಗಿ ಹಾಡಿ ಬರುತ್ತಿದ್ದೆ. ದಾರಿ ಉದ್ದವಾಗಿತ್ತು. ಹೇಗಿತ್ತು ಎಂದು ಹೇಳುವವರಿಲ್ಲದ ದಾರಿಯಲ್ಲಿ ನಾನೇ ನೆನಪು ಮಾಡಿಕೊಳ್ಳುತ್ತ ನಡೆಯುತ್ತಿದ್ದೆ: ಎಲ್ಲಿ ನಡುಗಿತು, ಎಲ್ಲಿ ಬಿಗಿಯಿತು, ಉಸಿರು ಎಲ್ಲಿ ಮುಗಿಯಿತು. ಸಿಟ್ಟು ಇಳಿಯುತ್ತ ಬಂದ ಹಾಗೆ ಬೇರೊಂದು ಯೋಚನೆ ಹತ್ತಿತು. ನನಗಾದರೂ ಹುಟ್ಟಿನಿಂದ ಕೇಳಿಸಿದ್ದಿಲ್ಲ. ಅವನಿಗೆ ಕೇಳಿಸಿ, ರುಚಿ ಹತ್ತಿ, ಆಮೇಲೆ ಹೋಯಿತು. ಆದರೂ ಬಂದು ನನ್ನ ಎದುರು ಕೂರುತ್ತಿದ್ದನಲ್ಲ.

ಕಚೇರಿಯ ದಿನ ಬೆಳಗ್ಗೆ ಮಿಲ್ಲಿಗೆ ಹೋದೆ. ಇಂಜಿನ್ನು ಓಡುತ್ತಿತ್ತು. ಆ ಸದ್ದಿನಲ್ಲಿ ನನಗೂ ಏನೂ ಕೇಳಿಸುತ್ತಿರಲಿಲ್ಲ, ಇಬ್ಬರೂ ಸಮವಾಗಿದ್ದೆವು. ಅವನು ಹಿಂಡಿ ತೆಗೆಯುತ್ತಿದ್ದವನು ನನ್ನನ್ನು ನೋಡಿ ನೆಟ್ಟಗೆ ನಿಂತ. "ಮಧ್ಯಾಹ್ನ ಮಂಡಿಗೆ ಬಾ. ನೀನೇ ಕೂರ್ಬೇಕು," ಎಂದೆ. ಅವನು ತಲೆ ಅಲ್ಲಾಡಿಸಿದ. "ಏನಂತ ಸನ್ನೆ ಮಾಡ್ಲಿ? ಊರೋರೆಲ್ಲ ನಗ್ತಾರೆ," ಎಂದು ಅವನ ತುಟಿ ಹೇಳಿತು. "ಏನೂ ಮಾಡ್ಬೇಡ. ಸುಮ್ನೆ ಕೂತಿರು," ಎಂದೆ. ಎರಡು ಸಲ ಹೇಳಬೇಕಾಯಿತು.

ಅವನು ಬಂದ. ಕೈಗೆ ಸೀಗೆಕಾಯಿ ಹಾಕಿ ಉಜ್ಜಿಕೊಂಡು, ತೊಳೆದ ಅಂಗಿ ಹಾಕಿಕೊಂಡು ಬಂದು ನನ್ನ ಎದುರಿಗೆ ಕೂತ. ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡ. ಅವನ ಕಿವಿಯ ಸುದ್ದಿ ಅಷ್ಟು ಹೊತ್ತಿಗೆ ಊರಿಗೆ ತಿಳಿದಿತ್ತು. ಮೂಟೆಗಳ ಮೇಲೆ ಕೂತವರು ಪಿಸುಗುಟ್ಟಿದರು. ಮಂಡಿಯ ಯಜಮಾನರು ಎದ್ದು ಚನ್ನಾಜಮ್ಮನವರ ಹತ್ತಿರ ಬಂದು, "ಇದೇನಮ್ಮಾ, ಒಡಗಿವಿ ಜಾಗದಲ್ಲಿ ಇವನನ್ನ ಕೂರಿಸಿದ್ದೀರಿ?" ಎಂದರು. "ಅವಳು ಕೂರಿಸ್ಕೊಂಡಿದ್ದಾಳೆ," ಎಂದರು ಚನ್ನಾಜಮ್ಮ. ಅಷ್ಟೆ.

ನಾನು ಸಾವೇರಿ ಎತ್ತಿಕೊಂಡೆ. ಎದುರಿನ ಕೈಗಳು ಅಲುಗಲಿಲ್ಲ. ಮೊದಲು ಹೆದರಿಕೆಯಾಯಿತು, ಮೆಟ್ಟಿಲೇ ಇಲ್ಲದ ಕಡೆ ಕಾಲಿಟ್ಟ ಹಾಗೆ. ಆಮೇಲೆ ಮೂಳೆಗಳು ತಮ್ಮ ಪಾಡಿಗೆ ತಾವು ಹೇಳತೊಡಗಿದವು. ಗಲ್ಲ ಇಳಿಸಿದೆ. ಉಸಿರು ಮುಗಿಯಲು ಬಿಟ್ಟೆ. ಎಲ್ಲಿ ನಿಲ್ಲಬೇಕು ಅನ್ನಿಸಿತೋ ಅಲ್ಲೆಲ್ಲ ನಿಂತೆ. ಮೂಟೆಗಳ ಮೇಲಿಂದ ಕೆಲವರು ಇಳಿದು ಹೋಗುವುದು ಕಂಡಿತು. ಒಬ್ಬ ಮುದುಕರು ಕಿವಿಗೆ ಕೈ ಹಚ್ಚಿ ಇನ್ನಷ್ಟು ಹತ್ತಿರ ಬಂದು ಕೂತರು. ಅಮ್ಮ ಅಂಗಡಿ ಮುಚ್ಚಿ ಬಂದು ಕಂಬದ ಪಕ್ಕ ನಿಂತಿದ್ದಳು, ಮುಖದಲ್ಲಿ ಏನಿತ್ತೋ ತಿಳಿಯಲಿಲ್ಲ. ಮುಗಿದ ಮೇಲೆ ಯಜಮಾನರು ಶಾಲು ಹೊದಿಸುತ್ತ, "ಬೇರೆ ಥರಾ ಇತ್ತಮ್ಮಾ," ಎಂದರು. ಮೆಚ್ಚಿದರೋ ದೂರಿದರೋ ಇವತ್ತಿಗೂ ಗೊತ್ತಿಲ್ಲ. ಮುಂದಿನ ಕಚೇರಿಗೆ ಕರೆ ಬರಲಿಲ್ಲ.

ನಾನು ಬಳೆ ಅಂಗಡಿಯಲ್ಲಿ ಕೂತೆ. ಸಾಧನೆ ಬಿಡಲಿಲ್ಲ. ಸಂಜೆ ಮಿಲ್ಲು ನಿಂತ ಮೇಲೆ ಕೆಂಪರಾಜು ಜಗಲಿಗೆ ಬಂದು ಕೂರುತ್ತಿದ್ದ, ನಾನು ಹಾಡುತ್ತಿದ್ದೆ. ಇಬ್ಬರಿಗೂ ಕೇಳಿಸದ ಹಾಡು. ಅಮ್ಮ ಒಳಗೆ ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಹೇಗಿತ್ತಮ್ಮಾ ಎಂದರೆ, "ಅನ್ನ ಸೀದು ಹೋಯ್ತು," ಎನ್ನುತ್ತಿದ್ದಳು.

ಹಾಗಿರುವಾಗ ಒಂದು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಬೀದಿಯ ತಿರುವಿನ ನಲ್ಲಿಯಲ್ಲಿ ನೀರು ಬಂದಿತ್ತು. ಯಾವುದೋ ಹೆಂಗಸು, ನನಗೆ ಪರಿಚಯದವಳಲ್ಲ, ಕೊಡ ಇಟ್ಟುಕೊಂಡು ಹಾಡುತ್ತಿದ್ದಳು. ಏನೋ ನೀರು ತುಂಬುವಾಗಿನ ಹಾಡು, ಸಾವೇರಿಯೂ ಅಲ್ಲ. ಇಳಿದು ಇಳಿದು ಬಂದು, ಮುಗಿಸಬೇಕಾದ ಕಡೆ ಮುಗಿಸದೆ, ಉಸಿರೆಲ್ಲ ತೀರುತ್ತಿದ್ದರೂ ಬಿಟ್ಟುಹೋಗಲು ಮನಸ್ಸಿಲ್ಲದ ಹಾಗೆ ನಿಂತಳು. ನಮ್ಮೂರಿನಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ. ಅವತ್ತು ಮಂಡಿಯ ಮೂಟೆಯ ಮೇಲೆ ಕೂತು ನನ್ನ ಹಾಡು ಕೇಳಿಕೊಂಡು ಹೋಗಿರಬೇಕು, ಅವಳಿಗೇ ಅರಿವಿಲ್ಲದೆ ನಾಲಗೆಗೆ ಬಂದಿರಬೇಕು. ಕೈಯಲ್ಲಿದ್ದ ಬೀಗ ಕೆಳಗೆ ಬಿತ್ತು. ಅಷ್ಟು ಒರಟಾಗಿರುತ್ತದೆಂದು ನಾನು ಎಣಿಸಿರಲಿಲ್ಲ. ಅಷ್ಟು ಒಂಟಿಯಾಗಿರುತ್ತದೆಂದೂ ಎಣಿಸಿರಲಿಲ್ಲ. ನನಗೆ ಅದು ತುಂಬಾ ಹಿಡಿಸಿತು.

ಓಡಿಹೋಗಿ ಮಿಲ್ಲಿನ ಬಾಗಿಲಿಂದ ಕೆಂಪರಾಜುವಿನ ಮಣಿಕಟ್ಟು ಹಿಡಿದು ಎಳೆದುಕೊಂಡು ಬಂದೆ. ತಿರುವಿನಲ್ಲಿ ಇಬ್ಬರೂ ನಿಂತೆವು. ಹೆಂಗಸು ನಮ್ಮನ್ನು ನೋಡಲಿಲ್ಲ. ಮತ್ತೆ ಮೇಲಿಂದ ಎತ್ತಿಕೊಂಡಿದ್ದಳು. ಯಾಕೆ ಕರೆತಂದೆನೆಂದು ನಾನು ಅವನಿಗೆ ಹೇಳಲಿಲ್ಲ, ಹೇಳುವಷ್ಟು ಹೊತ್ತಾದರೂ ಆ ಹಾಡನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಅವನು ಒಂದು ಸಲ ನಲ್ಲಿಯ ಕಡೆ ನೋಡಿದ, ಅವಳ ತುಟಿ ಆಡುವುದನ್ನು ಕಂಡ. ಆಮೇಲೆ ತಿರುಗಿ ನನ್ನ ಮುಖವನ್ನೇ ನೋಡುತ್ತ ನಿಂತ. ಅವಳು ಇಳಿಯುತ್ತಿದ್ದಾಗ ನೋಡಿದ, ಅವಳು ನಿಂತಾಗ ನೋಡಿದ. ನನ್ನ ಕಣ್ಣಿಂದ ನೀರು ಇಳಿಯುವುದನ್ನು ನಾನು ಒರೆಸಿಕೊಳ್ಳಲಿಲ್ಲ, ಅವನಿಗೆ ಅದು ಬೇಕಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ, "ಮುಗೀತಾ?" ಎಂದು ಕೇಳಿದ.

"ಇಲ್ಲ," ಎಂದೆ ತುಟಿ ಬಿಡಿಸಿ. "ಕೊಡ ತುಂಬ್ತು. ಎತ್ಕೊಂಡು ಹೋದಳು."